ಕ್ಯೋಟೋದಲ್ಲಿ ಕಿಮೊನೊ ಬಾಡಿಗೆಗೆ ಪಡೆದು ಉಡುವುದು: ಬುಕಿಂಗ್‌ನಿಂದ ಮರಳಿಸುವವರೆಗೆ ಹಂತ ಹಂತದ ಮಾರ್ಗದರ್ಶಿ

ಜಪಾನಿನ ಕ್ಯೋಟೋದಲ್ಲಿ ಅಲ್ಲಿನ ಸಾಂಪ್ರದಾಯಿಕ ಉಡುಪಾದ ಕಿಮೊನೊ ಬಾಡಿಗೆಗೆ ಪಡೆದವರ ದಿನ ಹಾಳಾಗುವ ಬಗೆ ಹೆಚ್ಚುಕಡಿಮೆ ಒಂದೇ. ಹನ್ನೊಂದು ಗಂಟೆಗೆ ಅಂಗಡಿ ತಲುಪುತ್ತಾರೆ. ಬಟ್ಟೆ ಆರಿಸುವುದರಲ್ಲೇ ಮುಕ್ಕಾಲು ಗಂಟೆ ಕಳೆಯುತ್ತದೆ, ಹೊರಬೀಳುವಾಗ ಮಧ್ಯಾಹ್ನ ಒಂದು ದಾಟಿರುತ್ತದೆ. ಆಮೇಲೆ ಊರಿನ ಇನ್ನೊಂದು ತುದಿಗೆ ಬಸ್ ಹತ್ತುತ್ತಾರೆ. ಮೂರರ ಹೊತ್ತಿಗೆ ಕಾಲ್ಬೆರಳ ಸಂದಿಯಲ್ಲಿ ಚರ್ಮ ಕಿತ್ತಿರುತ್ತದೆ, ಎದೆಯ ಬಳಿ ಕೊರಳಪಟ್ಟಿ ಬಾಯಿ ಬಿಟ್ಟಿರುತ್ತದೆ. ಐದಕ್ಕೆ ಮರಳಿಸಬೇಕೆಂಬ ಆತಂಕ ಬೇರೆ. ಫೋಟೋದಲ್ಲಿ ನಗು ಇದ್ದರೂ ಮನಸ್ಸಿನಲ್ಲಿ ಯಾವಾಗ ಬಿಚ್ಚಿಹಾಕುತ್ತೇನೋ ಎಂಬ ಯೋಚನೆ.

ಇದಕ್ಕೆ ಉಡುಪು ಕಾರಣವಲ್ಲ, ಕೆಲಸಗಳ ಕ್ರಮ ತಪ್ಪಿರುತ್ತದೆ. ಮೊದಲು ತೀರ್ಮಾನಿಸಬೇಕಾದದ್ದನ್ನು ಕೊನೆಗೆ ಬಿಟ್ಟಿರುತ್ತಾರೆ, ಉಡಿಸುವಾಗಲೇ ಹೇಳಬೇಕಾದದ್ದನ್ನು ಬೀದಿಗಿಳಿದ ಮೇಲೆ ನೆನಪಿಸಿಕೊಳ್ಳುತ್ತಾರೆ. ಇಲ್ಲಿ ಕ್ಯೋಟೋದ ಹಿಗಾಶಿಯಾಮಾ ಪ್ರದೇಶವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಟೋಕಿಯೋದ ಅಸಾಕುಸಾದಲ್ಲಾಗಲಿ, ಕನಾಜವಾದ ಹಿಗಾಶಿ ಚಾಯಾ ಬೀದಿಯಲ್ಲಾಗಲಿ ಹಂತಗಳು ಇವೇ.

## ಹಂತ 1: ತಿಂಗಳು ನೋಡಿ ಉಡುಪು ತೀರ್ಮಾನಿಸಿ

ಕಿಮೊನೊ ಬೇಕೋ ಯುಕಾತಾ ಬೇಕೋ ಎಂಬುದು ಮೊದಲ ಪ್ರಶ್ನೆ. ಯುಕಾತಾ ಒಂದೇ ಪದರದ ತೆಳು ಹತ್ತಿಯ ಬೇಸಿಗೆ ಉಡುಪು. ಒಳಗೆ ಜುಬಾನ್ ಎಂಬ ಕೊರಳಪಟ್ಟಿಯ ಒಳವಸ್ತ್ರ ಬೇಕಿಲ್ಲ, ಬರಿಗಾಲಿಗೆ ಗೆತಾ ಎಂಬ ಮರದ ಪಾದರಕ್ಷೆ ಸಾಕು. ಕಿಮೊನೊಗೆ ಒಳವಸ್ತ್ರ, ಜುಬಾನ್, ಅದರ ಮೇಲೆ ಹೊರ ಉಡುಪು, ಹಲವು ದಾರ, ಸೊಂಟಕ್ಕೆ ಓಬಿ ಎಂಬ ಅಗಲವಾದ ಪಟ್ಟಿ, ಕಾಲಿಗೆ ಹೆಬ್ಬೆರಳು ಬೇರ್ಪಟ್ಟ ತಾಬಿ ಕಾಲುಚೀಲ, ಝೋರಿ ಎಂಬ ಚಪ್ಪಲಿ ಇಷ್ಟೂ ಬೇಕು.

ಜಪಾನೀಯರ ರೂಢಿಯಲ್ಲಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಅಸ್ತರಿರುವ ಕಿಮೊನೊ, ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಅಸ್ತರಿಲ್ಲದ್ದು, ಜುಲೈ ಮತ್ತು ಆಗಸ್ಟ್‌ನಲ್ಲಿ ಜಾಳಿಗೆಯಂಥ ತೆಳು ಬಟ್ಟೆ. ಬಾಡಿಗೆ ಅಂಗಡಿಗಳ ಉಡುಪು ಹೆಚ್ಚಾಗಿ ಪಾಲಿಯೆಸ್ಟರ್ ಆದ್ದರಿಂದ ಪ್ರವಾಸಿಗರಿಗೆ ಈ ನಿಯಮವನ್ನು ಅಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ. ನಿಮ್ಮ ಮೈಗೆ ಮಾತ್ರ ಅದು ಅನ್ವಯಿಸುತ್ತದೆ. ಮೂರು ಕಡೆ ಬೆಟ್ಟಗಳಿರುವ ಕ್ಯೋಟೋದಲ್ಲಿ ಜುಲೈ, ಆಗಸ್ಟ್ ಹಗಲಿನ ಉಷ್ಣಾಂಶ 35 ಡಿಗ್ರಿ ದಾಟುವುದು ಸಾಮಾನ್ಯ, ಗಾಳಿಯೂ ಆಡುವುದಿಲ್ಲ. ಆ ತಿಂಗಳುಗಳಲ್ಲಿ ಪೂರ್ಣ ಕಿಮೊನೊ ಉಡಲು ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಯುಕಾತಾ ಉಡಿ, ಬೆಳಿಗ್ಗೆ ಇಲ್ಲವೇ ಸಂಜೆ ಓಡಾಡಿ. ಜುಲೈ 17ರ ಗಿಯೋನ್ ಹಬ್ಬದ ರಥಯಾತ್ರೆಗೆ ಮುಂಚಿನ ಮೂರು ಸಂಜೆಗಳಲ್ಲಿ ಬೀದಿ ತುಂಬ ಯುಕಾತಾ ಉಟ್ಟವರೇ ಇರುತ್ತಾರೆ. ಆ ದಿನಗಳಿಗೆ ಮರುದಿನ ಮರಳಿಸುವ ವ್ಯವಸ್ಥೆಯಿರುವ ಅಂಗಡಿಯನ್ನೇ ಹಿಡಿಯಿರಿ.

ಕಿಮೊನೊ ಎಂದು ತೀರ್ಮಾನಿಸಿದರೆ ಕೊಮೋನ್ ಎಂಬ, ಮೈತುಂಬ ಸಣ್ಣ ವಿನ್ಯಾಸವಿರುವ ಬಗೆ ಸಾಕು. ಅದು ಪೇಟೆ ಸುತ್ತಲು ಹೇಳಿ ಮಾಡಿಸಿದ ಉಡುಪು. ಅಂಗಡಿಯ ಫೋಟೋಗಳಲ್ಲಿ ಕಣ್ಣು ಸೆಳೆಯುವ ಉದ್ದ ತೋಳಿನ ಫುರಿಸೊದೆ ಮದುವೆಯಾಗದ ಯುವತಿಯರ ಹಬ್ಬದ ಉಡುಪು. ಅದರ ತೋಳು ಒಂದು ಮೀಟರಿಗೂ ಉದ್ದ ಇಳಿಬೀಳುತ್ತದೆ. ಮೆಟ್ಟಿಲಿನಲ್ಲಿ, ಶೌಚಾಲಯದಲ್ಲಿ, ಊಟದ ಮೇಜಿನಲ್ಲಿ ಅದನ್ನು ಸಂಭಾಳಿಸುವುದೇ ಒಂದು ಕೆಲಸವಾಗುತ್ತದೆ. ಸ್ಟುಡಿಯೋ ಫೋಟೋಗೆ ಚೆನ್ನ, ಓಡಾಟಕ್ಕೆ ಬೇಡ. ಜನವರಿಯ ಎರಡನೇ ಸೋಮವಾರ ಜಪಾನಿನಲ್ಲಿ ಪ್ರಾಯಕ್ಕೆ ಬಂದವರ ದಿನ. ಅಂದು ಉಡಿಸುವವರ ಕೈಗಳೆಲ್ಲ ಊರಿನ ಯುವತಿಯರ ಫುರಿಸೊದೆಗೇ ಮೀಸಲಾಗಿರುತ್ತವೆ, ಆ ದಿನವನ್ನು ಬಿಟ್ಟುಬಿಡಿ.

ಗಂಡಸರಿಗೆ ಕಿಮೊನೊ, ಅದರ ಮೇಲೆ ಹಾವೊರಿ ಎಂಬ ಗಿಡ್ಡ ಮೇಲಂಗಿ ಸಾಕು. ಹಕಾಮಾ ಎಂಬ ನೆರಿಗೆಯ ಕೆಳ ಉಡುಪು ಬೇಕಿದ್ದರೆ ಪ್ರತ್ಯೇಕ ಹಣ ಕೊಡಬೇಕಾಗುತ್ತದೆ.

## ಹಂತ 2: ಅಳತೆ ಬರೆದಿಟ್ಟುಕೊಂಡೇ ಬುಕ್ ಮಾಡಿ

ಮೂರು ಅಳತೆ ಸೆಂಟಿಮೀಟರಿನಲ್ಲಿ ಬೇಕು: ಎತ್ತರ, ಸೊಂಟದ ಕೆಳಗಿನ ಅತಿ ಹೆಚ್ಚು ಸುತ್ತಳತೆ, ಪಾದದ ಉದ್ದ. ಜಪಾನಿನಲ್ಲಿ ಪಾದರಕ್ಷೆಯ ಸಂಖ್ಯೆ ಎಂದರೆ ಪಾದದ ಉದ್ದದ ಸೆಂಟಿಮೀಟರ್. ನಮ್ಮಲ್ಲಿಯ ಆರು, ಏಳು, ಎಂಟು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು, ಹೆಬ್ಬೆರಳ ತುದಿಗೆ ಗುರುತು ಹಾಕಿ ಅಳೆಯಿರಿ.

ಹೆಂಗಸರ ಕಿಮೊನೊವನ್ನು ಸೊಂಟದ ಬಳಿ ಮಡಚಿ ಉದ್ದ ಹೊಂದಿಸುವುದರಿಂದ ಎತ್ತರದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಸುತ್ತಳತೆ ಹಾಗಲ್ಲ. ಅದು 100 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಅಗಲದ ಕಿಮೊನೊ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಕಿರಿದಾದ ಕಿಮೊನೊ ಉಡಿಸಿದರೆ ನಡೆದಾಗಲೆಲ್ಲ ಮುಂದಿನ ಮೇಲುಪದರ ತೆರೆದುಕೊಳ್ಳುತ್ತದೆ, ಎಂಥ ನುರಿತವರು ಕಟ್ಟಿದರೂ ನಿಲ್ಲುವುದಿಲ್ಲ. ಗಂಡಸರ ಉಡುಪಿನಲ್ಲಿ ಆ ಮಡಿಕೆಯೇ ಇಲ್ಲ, ಆದ್ದರಿಂದ ಅವರಿಗೆ ಎತ್ತರವೇ ಮುಖ್ಯ. 180 ಸೆಂಟಿಮೀಟರ್ ಮೀರಿದವರು ಮೊದಲೇ ತಿಳಿಸಿ. ಗರ್ಭಿಣಿಯರೂ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರೂ ಬುಕಿಂಗ್‌ನಲ್ಲೇ ಬರೆಯಬೇಕು, ದಾರ ಕಟ್ಟುವ ಜಾಗವನ್ನು ಅವರು ಅದಕ್ಕೆ ತಕ್ಕಂತೆ ಬದಲಿಸುತ್ತಾರೆ.

ಅಂಗಡಿ ಎಲ್ಲಿರಬೇಕು ಎನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಕ್ಯೋಟೋ ರೈಲು ನಿಲ್ದಾಣದ ಬಳಿಯ ಅಂಗಡಿ ಸಾಮಾನಿರುವವರಿಗೆ ಅನುಕೂಲ. ಅಲ್ಲಿಂದ ಹಿಗಾಶಿಯಾಮಾಕ್ಕೆ ಹೋಗುವ ಬಸ್ಸಿನಲ್ಲಿ ಮಾತ್ರ ಕಾಲಿಡಲು ಜಾಗವಿರುವುದಿಲ್ಲ. ನೂಕುನುಗ್ಗಲಿನಲ್ಲಿ ಓಬಿಯ ಬೆನ್ನಿನ ಗಂಟು ಚಪ್ಪಟೆಯಾಗುತ್ತದೆ. ನೀವು ನಡೆಯಲಿರುವ ಜಾಗದಲ್ಲೇ ಅಂಗಡಿ ಹಿಡಿಯಿರಿ. ಕೀಹಾನ್ ರೈಲು ಮಾರ್ಗದ ಗಿಯೋನ್-ಶಿಜೊ ಅಥವಾ ಕಿಯೊಮಿಜು-ಗೊಜೊ ನಿಲ್ದಾಣದ ಸುತ್ತ ಇದ್ದರೆ ಉಟ್ಟ ಮೇಲೆ ಬಸ್ಸಿನ ಗೊಡವೆಯೇ ಇಲ್ಲ.

ಸಮಯ ಬೆಳಿಗ್ಗೆಯ ಮೊದಲನೆಯದೇ ಆಗಿರಲಿ, ಸಾಮಾನ್ಯವಾಗಿ ಅದು ಒಂಬತ್ತರ ಆಸುಪಾಸು. ಆರಿಸಲು ಅರ್ಧ ಗಂಟೆ, ಉಡಿಸಲು ಅರ್ಧ ಗಂಟೆ, ತಲೆಗೂದಲಿಗೆ ಇಪ್ಪತ್ತು ನಿಮಿಷ, ಒಟ್ಟು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ನಾಲ್ಕೈದು ಜನ ಒಟ್ಟಿಗೆ ಹೋದರೆ ಇನ್ನೂ ತಡವಾಗುತ್ತದೆ, ಏಕೆಂದರೆ ಉಡಿಸುವವರು ಇಬ್ಬರು ಮೂವರೇ ಇರುತ್ತಾರೆ.

ಸಾಮಾನ್ಯ ಬಾಡಿಗೆ ದಿನಕ್ಕೆ 3,000ದಿಂದ 6,000 ಯೆನ್. ಹಣ ಕಟ್ಟುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಪಡೆಯಿರಿ:

- ಬೆಲೆಯಲ್ಲಿ ಶೇ 10ರ ಬಳಕೆ ತೆರಿಗೆ ಸೇರಿದೆಯೇ? ಸೇರಿದ್ದರೆ ‘ಝೇಯಿಕೋಮಿ’, ಸೇರದಿದ್ದರೆ ‘ಝೇಯಿಬೆತ್ಸು’ ಎನ್ನುತ್ತಾರೆ.
- ಜುಬಾನ್, ತಾಬಿ, ಝೋರಿ, ಕೈಚೀಲ ಎಲ್ಲವೂ ಒಳಗೊಂಡಿವೆಯೇ? ಕೂದಲ ಅಲಂಕಾರ ಪ್ರತ್ಯೇಕವೇ?
- ಸಾಮಾನನ್ನು ಇಟ್ಟುಕೊಳ್ಳುತ್ತಾರೆಯೇ? ದೊಡ್ಡ ಸೂಟ್‌ಕೇಸಿಗೆ ಜಾಗವಿದೆಯೇ?
- ಎಷ್ಟು ಗಂಟೆಗೆ ಮರಳಿಸಬೇಕು, ತಡವಾದರೆ ದಂಡ ಎಷ್ಟು?
- ಕಲೆಯಾದರೆ, ಹರಿದರೆ ಏನು? ಸಣ್ಣ ಮೊತ್ತ ಕಟ್ಟಿದರೆ ಕಲೆಯ ಖರ್ಚು ಮನ್ನಾ ಮಾಡುವ ವ್ಯವಸ್ಥೆ ಇದೆಯೇ?
- ಮಳೆ ಬಂದರೆ ರದ್ದು ಮಾಡಬಹುದೇ?

ಉತ್ತರ ಬರವಣಿಗೆಯಲ್ಲಿ ಬರದಿದ್ದರೆ, ಬೆಲೆ ಮಾತ್ರ ದೊಡ್ಡಕ್ಷರದಲ್ಲಿದ್ದು ಒಳಗೊಂಡ ವಸ್ತುಗಳ ಪಟ್ಟಿಯೇ ಇಲ್ಲದಿದ್ದರೆ, ಬೀದಿಯಲ್ಲಿ ಯಾರಾದರೂ ಕೈಹಿಡಿದು ಕರೆದರೆ ಬೇರೆ ಅಂಗಡಿ ನೋಡಿ. ಅಗ್ಗವೆಂದು ಹೋದವರು ತಾಬಿಗೆ ಇಷ್ಟು, ಚೀಲಕ್ಕೆ ಇಷ್ಟು ಎಂದು ಕೊಡುತ್ತಾ ಕೊನೆಗೆ ಒಳ್ಳೆಯ ಅಂಗಡಿಯ ಬೆಲೆಯನ್ನೇ ತೆತ್ತು ಬರುತ್ತಾರೆ.

## ಹಂತ 3: ಹಿಂದಿನ ರಾತ್ರಿ ಜೋಡಿಸಿಡಬೇಕಾದದ್ದು

ಕಿಮೊನೊದ ಕೊರಳಪಟ್ಟಿಯನ್ನು ಹೆಂಗಸರಿಗೆ ಹಿಂದಕ್ಕೆ ಎಳೆದು ಹೆಕ್ಕತ್ತು ಕಾಣುವಂತೆ ಉಡಿಸುತ್ತಾರೆ. ಆದ್ದರಿಂದ ಒಳಗಿನ ಬನಿಯನ್‌ಗೆ ಮುಂದೆ ಮಾತ್ರವಲ್ಲ, ಹಿಂದೆಯೂ ಅಗಲವಾದ ಕತ್ತು ಇರಬೇಕು. ಚಳಿಗಾಲದಲ್ಲಿ ಕತ್ತಿನವರೆಗೆ ಮುಚ್ಚುವ ಉಣ್ಣೆಯ ಒಳಅಂಗಿ ತೊಟ್ಟು ಹೋದರೆ ಅಲ್ಲಿ ಬಿಚ್ಚಿ ನಡುಗಬೇಕಾಗುತ್ತದೆ. ಕಾಲಿಗೆ ಮೊಣಕಾಲ ಕೆಳಗೆ ನಿಲ್ಲುವ ಬಿಗಿ ಲೆಗ್ಗಿಂಗ್ಸ್ ಒಳ್ಳೆಯದು. ದಪ್ಪ ಪ್ಯಾಡ್ ಇರುವ ಒಳ ಉಡುಪು ಬೇಡ. ಎದೆಯಿಂದ ಸೊಂಟದವರೆಗೆ ನೇರವಾಗಿದ್ದಷ್ಟೂ ಕಿಮೊನೊ ಕೂರುತ್ತದೆ, ಸೊಂಟದ ತಗ್ಗಿಗೆ ಅಂಗಡಿಯವರೇ ಟವೆಲ್ ಸುತ್ತಿ ಸಮ ಮಾಡುತ್ತಾರೆ.

ಅಂಗಡಿಗೆ ಹೋಗುವಾಗ ಮುಂದೆ ಗುಂಡಿಯಿರುವ ಅಂಗಿ ತೊಡಿ. ತಲೆಯ ಮೇಲಿಂದ ಎಳೆಯಬೇಕಾದ ಅಂಗಿಯಾದರೆ ಕೂದಲ ಅಲಂಕಾರ ಮೊದಲು ಮುಗಿದ ದಿನ ಪೇಚಿಗೆ ಸಿಕ್ಕುತ್ತೀರಿ. ಕೂದಲು ಪೂರ್ತಿ ಒಣಗಿರಲಿ, ಎಣ್ಣೆ ಹಚ್ಚಬೇಡಿ. ಮುಖಾಲಂಕಾರ ಮನೆಯಲ್ಲೇ, ಅಂದರೆ ಕೋಣೆಯಲ್ಲೇ ಮುಗಿಸಿ. ಬಿಳಿ ಕೊರಳಪಟ್ಟಿಗೆ ಮೊದಲು ತಗಲುವ ಕಲೆ ಅದರದ್ದೇ.

ಒಡವೆಯ ವಿಷಯ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ಗಾಜಿನ ಬಳೆ, ಹರಳಿನ ಬಳೆ ತೋಳಿನ ಒಳ ಅಂಚಿನ ನೂಲನ್ನು ಎಳೆದುಬಿಡುತ್ತವೆ. ನಯವಾದ ಚಿನ್ನದ ಬಳೆ ಒಂದೆರಡಿದ್ದರೆ ತೊಂದರೆಯಿಲ್ಲ. ಮಾಂಗಲ್ಯ ತೆಗೆಯುವ ಅಗತ್ಯವಿಲ್ಲ, ಜುಬಾನ್ ಒಳಗೆ ಸೇರಿಸಬಹುದು. ಉಡಿಸುವವರಿಗೆ ಮೊದಲೇ ತೋರಿಸಿದರೆ ದಾರ ಅದರ ಮೇಲೆ ಬೀಳದಂತೆ ಕಟ್ಟುತ್ತಾರೆ.

ಚೀಲದಲ್ಲಿ ಗಾಯದ ಪಟ್ಟಿ ನಾಲ್ಕಾರು, ಎರಡು ದೊಡ್ಡ ಕರವಸ್ತ್ರ, ನೀರಿನ ಪುಟ್ಟ ಬಾಟಲಿ, ಅಂಗಡಿಯ ಫೋನ್ ಸಂಖ್ಯೆ ಇರಲಿ. ಪಿನ್ನು ಬೇಡ. ಸೆರಗಿಗೆ ಪಿನ್ನು ಹಾಕಿ ಅಭ್ಯಾಸವಿರುವ ಕೈ ಕೊರಳಪಟ್ಟಿ ಸರಿದ ತಕ್ಷಣ ಪಿನ್ನಿಗೇ ಹೋಗುತ್ತದೆ. ಅದರಿಂದ ಬಟ್ಟೆಗೆ ತೂತು, ನಿಮಗೆ ದಂಡ.

## ಹಂತ 4: ಅಂಗಡಿಯಲ್ಲಿ ಮೊದಲು ಚಪ್ಪಲಿ, ಆಮೇಲೆ ಬಣ್ಣ

ಎಲ್ಲರೂ ಬಣ್ಣದ ಸಾಲಿಗೆ ಓಡುತ್ತಾರೆ. ನೀವು ಮೊದಲು ಝೋರಿ ಹಾಕಿ ನೋಡಿ. ಹಿಮ್ಮಡಿ ಒಂದೆರಡು ಸೆಂಟಿಮೀಟರ್ ಹೊರಗೆ ಚಾಚಿರುವುದೇ ಸರಿ, ಚಿಕ್ಕದಾಯಿತೆಂದು ಭಾವಿಸಬೇಡಿ. ಬೆರಳ ಸಂದಿಯ ಪಟ್ಟಿ ಪಾದದ ಮೇಲೆ ಬಿಗಿಯಾಗಿ ಒತ್ತುತ್ತಿದ್ದರೆ ಅದನ್ನು ಎರಡೂ ಕೈಯಿಂದ ಮೇಲಕ್ಕೆಳೆದು ಸಡಿಲಿಸಿಕೊಡಲು ಕೇಳಿ, ಇಲ್ಲವೇ ಬೇರೆ ಜೋಡಿ ಪಡೆಯಿರಿ. ಅಂಗಡಿಯೊಳಗೆ ಹತ್ತು ಹೆಜ್ಜೆಗೇ ನೋಯುವ ಝೋರಿ ಕಲ್ಲುಹಾಸಿನ ಮೇಲೆ ಸುಮ್ಮನಿರುವುದಿಲ್ಲ.

ಬಣ್ಣಕ್ಕೆ ಬಂದರೆ, ಕಿಮೊನೊವನ್ನು ಹೆಗಲ ಮೇಲೆ ಹೊದ್ದು ಕನ್ನಡಿಯಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಆಮೇಲೆ ಓಬಿ. ಕಿಮೊನೊದಲ್ಲಿ ವಿನ್ಯಾಸ ಜಾಸ್ತಿಯಿದ್ದರೆ ಓಬಿ ಸರಳವಾಗಿರಲಿ. ಬಿಳಿ ಮತ್ತು ಕೆನೆ ಬಣ್ಣದ ಜಾಲರಿ ಕಿಮೊನೊಗಳು ಈಗ ಬಹಳ ಚಲಾವಣೆಯಲ್ಲಿವೆ, ಅವು ಕೊಳೆಯನ್ನು ಒಂದು ತಾಸಿನಲ್ಲೇ ತೋರಿಸುತ್ತವೆ. ಮೋಡ ಕವಿದ ದಿನವಾದರೆ ಗಾಢ ಬಣ್ಣವೇ ಕ್ಷೇಮ. ಆರಿಸಿದ ಕಿಮೊನೊದ ಅಂಚಿನಲ್ಲಿ, ತೋಳಿನಲ್ಲಿ ಮೊದಲೇ ಕಲೆಯಿದ್ದರೆ ತೋರಿಸಿ ಫೋಟೋ ತೆಗೆದಿಟ್ಟುಕೊಳ್ಳಿ.

ಶೌಚಾಲಯಕ್ಕೆ ಈಗಲೇ ಹೋಗಿಬನ್ನಿ.

## ಹಂತ 5: ಉಡಿಸುವಾಗ ನಿಮ್ಮ ಪಾಲಿನ ಕೆಲಸ

ಉಡಿಸುವ ಅನುಭವಿ ಕೈಗಳು ಬಹಳ ವೇಗವಾಗಿ ಓಡುತ್ತವೆ. ಅವರನ್ನು ಅವರ ಪಾಡಿಗೆ ಬಿಟ್ಟು ಸುಮ್ಮನೆ ನಿಲ್ಲುವುದೇ ಸಾಮಾನ್ಯ ತಪ್ಪು. ಪ್ರತಿ ಘಟ್ಟದಲ್ಲೂ ಗಮನಿಸಲು ಒಂದೊಂದು ಸಂಗತಿಯಿದೆ.

1. ಜುಬಾನ್. ಹೆಕ್ಕತ್ತಿನ ಹಿಂದೆ ಒಂದು ಮುಷ್ಟಿ ಹಿಡಿಯುವಷ್ಟು ಜಾಗ ಬಿಟ್ಟು ಕೊರಳಪಟ್ಟಿಯನ್ನು ಹೊಂದಿಸುತ್ತಾರೆ. ಈ ಪದರ ಸರಿಯಾಗಿ ಕೂತರೆ ಮೇಲಿನ ಕಿಮೊನೊ ಅದನ್ನೇ ಅನುಸರಿಸುತ್ತದೆ. ಬೆನ್ನು ನೇರವಾಗಿಟ್ಟು, ಎರಡೂ ಹೆಗಲು ಸಡಿಲ ಬಿಟ್ಟು ನಿಲ್ಲಿ. ಫೋನ್ ನೋಡಲು ಬಗ್ಗಿದರೆ ಪಟ್ಟಿ ಬಗ್ಗಿದ ಭಂಗಿಗೇ ಹೊಂದಿಕೊಂಡುಬಿಡುತ್ತದೆ.

2. ಎಡ ಮೇಲೆ, ಬಲ ಕೆಳಗೆ. ಉಟ್ಟವರ ಬಲಭಾಗದ ಅಂಚು ಮೊದಲು ಮೈಗೆ ಸುತ್ತಿ, ಎಡಭಾಗ ಅದರ ಮೇಲೆ ಬರಬೇಕು. ಹೆಂಗಸರಿಗೂ ಗಂಡಸರಿಗೂ ಮಕ್ಕಳಿಗೂ ಇದೊಂದೇ ನಿಯಮ. ಬಲಭಾಗ ಮೇಲೆ ಬರುವುದು ಶವಕ್ಕೆ ಉಡಿಸುವಾಗ ಮಾತ್ರ. ಅಂಗಡಿಯಲ್ಲಿ ಇದು ತಪ್ಪುವುದಿಲ್ಲ. ಹೋಟೆಲಿನ ಕೋಣೆಯಲ್ಲಿ ತಾವೇ ಯುಕಾತಾ ಸುತ್ತಿಕೊಳ್ಳುವಾಗ ತಪ್ಪುತ್ತದೆ, ಆ ಫೋಟೋ ಜಪಾನೀಯರ ಕಣ್ಣಿಗೆ ಬಿದ್ದರೆ ಅವರಿಗೆ ಕಸಿವಿಸಿಯಾಗುತ್ತದೆ. ನೆನಪಿಗೆ ಸುಲಭದ ಗುರುತು: ಬಲಗೈ ಎದೆಯ ಬಳಿ ಸಲೀಸಾಗಿ ಪಟ್ಟಿಯೊಳಗೆ ಹೋಗಬೇಕು. ಫೋನಿನ ಸೆಲ್ಫಿ ಕ್ಯಾಮೆರಾ ಎಡಬಲ ತಿರುಗಿಸಿ ತೋರಿಸುವುದರಿಂದ ಫೋಟೋ ನೋಡಿ ಗಾಬರಿಯಾಗಬೇಡಿ, ಮೈಮೇಲಿನದನ್ನೇ ನೋಡಿ.

3. ಸೊಂಟದ ದಾರ. ಕೊಶಿಹಿಮೊ ಎಂಬ ಈ ದಾರವೇ ಇಡೀ ಉದ್ದವನ್ನು ಹೊತ್ತು ನಿಲ್ಲುವುದು. ಇದು ಬಿಗಿಯಾಗಿರಲೇಬೇಕು, ಸೀರೆಯ ಲಂಗದ ಲಾಡಿ ಕಟ್ಟಿ ರೂಢಿಯಿದ್ದವರಿಗೆ ಈ ಬಿಗಿ ಹೊಸದೆನಿಸುವುದಿಲ್ಲ. ಎದೆಯ ಕೆಳಗೆ ಕಟ್ಟುವ ಎರಡನೇ ದಾರ ಮಾತ್ರ ಬಿಗಿಯಾಗಿರಬಾರದು. ಅದನ್ನು ಕಟ್ಟುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಹೊಟ್ಟೆ ತುಂಬ ಉಸಿರು ತುಂಬಿಕೊಂಡು ನಿಲ್ಲಿ. ಅರ್ಧ ದಿನದ ನೆಮ್ಮದಿ ಈ ಒಂದು ಉಸಿರಿನಲ್ಲಿದೆ.

4. ಮಡಿಕೆ. ದಾರದ ಮೇಲೆ ಹೆಚ್ಚುವರಿ ಉದ್ದ ಇಳಿಬಿದ್ದು ಓಬಿಯ ಕೆಳಗೆ ಅಡ್ಡಪಟ್ಟಿಯಂತೆ ಕಾಣುತ್ತದೆ, ಅದೇ ಓಹಾಶೋರಿ. ಅದು ಸಮವಾಗಿದೆಯೇ ಎಂದು ನೋಡಿ. ಕೆಳ ಅಂಚು ಪಾದದ ಮೇಲ್ಭಾಗದವರೆಗೆ ಬರುವುದು ರೂಢಿ. ಏರುದಾರಿಯಲ್ಲಿ ನಡೆಯುವವರು ಒಂದೆರಡು ಸೆಂಟಿಮೀಟರ್ ಮೇಲಕ್ಕೆ ಕಟ್ಟಲು ಕೇಳಬಹುದು, ನಾನು ಕೇಳುವುದೇ ಒಳ್ಳೆಯದೆನ್ನುತ್ತೇನೆ.

5. ಓಬಿ. ಎರಡು ಸುತ್ತು ಸುತ್ತಿ ಹಿಂದೆ ಗಂಟು ಕಟ್ಟುತ್ತಾರೆ. ಒಳಗೆ ಸುಕ್ಕಾಗದಂತೆ ತೆಳುವಾದ ಹಲಗೆಯೊಂದನ್ನು ಸೇರಿಸುತ್ತಾರೆ. ಓಬಿಯ ಮೇಲಂಚಿನಲ್ಲಿ ಎರಡು ಬೆರಳು ಒಳಹೋದರೆ ಬಿಗಿ ಸರಿಯಾಗಿದೆ. ಗಂಡಸರ ಓಬಿ ಕಿರಿದು. ಅದನ್ನು ಹೊಟ್ಟೆಯ ಮೇಲೆ ಕಟ್ಟದೆ ಕೆಳಗೆ ಟೊಂಕದ ಮೂಳೆಯ ಮೇಲೆ ಕೂರಿಸಬೇಕು, ಹಿಂಭಾಗ ಸ್ವಲ್ಪ ಎತ್ತರಕ್ಕಿರಬೇಕು.

ಬಾಯಿಬಿಟ್ಟು ಹೇಳಲು ನಾಲ್ಕು ಮಾತು ಸಾಕು. ಬಿಗಿಯಾಗಿದೆ: ‘ಕಿತ್ಸುಯ್ ದೆಸ್’. ಉಸಿರಾಡಲು ಕಷ್ಟ: ‘ಕುರುಶೀ ದೆಸ್’. ನೋಯುತ್ತಿದೆ: ‘ಇತಾಯ್ ದೆಸ್’. ದಯವಿಟ್ಟು ಸಡಿಲಿಸಿ: ‘ಯುರುಮೆತೆ ಕುದಸಾಯ್’. ಸಂಕೋಚದಿಂದ ತಲೆಯಾಡಿಸಿ ಹೊರಬಂದರೆ ಅವರಿಗೆ ನಿಮ್ಮ ಕಷ್ಟ ತಿಳಿಯುವ ದಾರಿಯಿಲ್ಲ. ಹೇಳಿದರೆ ಯಾರೂ ಬೇಸರಪಡುವುದಿಲ್ಲ.

## ಯುಕಾತಾವನ್ನು ತಾವೇ ಉಡುವವರಿಗೆ

ರ‍್ಯೋಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹಗಳಲ್ಲಿ ಕೋಣೆಯಲ್ಲೇ ಯುಕಾತಾ ಇಟ್ಟಿರುತ್ತಾರೆ. ಅದು ಮಲಗುವಾಗ ಉಡುವ, ಕಟ್ಟಡದೊಳಗೆ ಓಡಾಡುವ ಉಡುಪು. ಕಿನೊಸಾಕಿಯಂಥ ಬಿಸಿನೀರಿನ ಬುಗ್ಗೆಯ ಊರಲ್ಲಿ ಅದನ್ನುಟ್ಟು ಬೀದಿಗಿಳಿಯುವುದು ವಾಡಿಕೆ, ಕ್ಯೋಟೋ ನಗರದಲ್ಲಿ ಹಾಗೆ ಮಾಡಬೇಡಿ. ಹೊರಗೆ ಉಡುವ ಯುಕಾತಾದ ಕ್ರಮ ಹೆಂಗಸರಿಗೆ ಹೀಗಿದೆ:

1. ಬೆನ್ನಿನ ಹೊಲಿಗೆ ಬೆನ್ನುಮೂಳೆಯ ಮೇಲೆ ಬರುವಂತೆ ಹೊದ್ದು, ಮುಂದಿನ ಎರಡೂ ಅಂಚುಗಳನ್ನು ಸಮವಾಗಿ ಹಿಡಿಯಿರಿ.
2. ಕೆಳ ಅಂಚು ಕಾಲಿನ ಹರಡಿನವರೆಗೆ ಬರುವಷ್ಟು ಇಡೀ ಬಟ್ಟೆಯನ್ನು ಮೇಲಕ್ಕೆತ್ತಿ.
3. ಎಡಭಾಗವನ್ನು ಒಮ್ಮೆ ಸುತ್ತಿ ಅಗಲದ ಅಂದಾಜು ಮಾಡಿ, ತೆರೆಯಿರಿ. ಈಗ ಬಲಭಾಗ ಸುತ್ತಿ ಅದರ ತುದಿಯನ್ನು ತುಸು ಮೇಲಕ್ಕೆತ್ತಿ, ಮೇಲೆ ಎಡಭಾಗ ತನ್ನಿ.
4. ಸೊಂಟದ ದಾರವನ್ನು ಮುಂದಿನಿಂದ ಹಿಂದಕ್ಕೆ ಒಯ್ದು, ಮತ್ತೆ ಮುಂದೆ ತಂದು ಬಿಗಿಯಾಗಿ ಕಟ್ಟಿ.
5. ಕಂಕುಳ ಕೆಳಗಿನ ಸೀಳಿನಿಂದ ಕೈ ಒಳಗೆ ಹಾಕಿ ಹೆಚ್ಚುವರಿ ಬಟ್ಟೆಯನ್ನು ದಾರದ ಮೇಲಿನಿಂದ ಕೆಳಕ್ಕೆ ಸವರಿ. ಆ ಸೀಳು ಇರುವುದೇ ಇದಕ್ಕೆ.
6. ಕೊರಳಪಟ್ಟಿ ಹೊಂದಿಸಿ ಎದೆಯ ಕೆಳಗೆ ಎರಡನೇ ದಾರವನ್ನು ಸಡಿಲವಾಗಿ ಕಟ್ಟಿ.
7. ಓಬಿಯ ಒಂದು ತುದಿಯಿಂದ ಅರ್ಧ ಮೀಟರಿನಷ್ಟನ್ನು ಅಗಲದಲ್ಲಿ ಎರಡಾಗಿ ಮಡಚಿ ಹೆಗಲ ಮೇಲೆ ಹಾಕಿ. ಉಳಿದದ್ದನ್ನು ಎರಡು ಸುತ್ತು ಸುತ್ತಿ, ಕಿರಿದು ಮಾಡಿದ ತುದಿ ಮೇಲೆ ಬರುವಂತೆ ಒಂದು ಗಂಟು ಹಾಕಿ.
8. ಉದ್ದ ತುದಿಯನ್ನು ಹೆಗಲಗಲಕ್ಕೆ ಮಡಚಿ, ನಡುವೆ ಹಿಂಡಿ ಚಿಟ್ಟೆಯ ರೆಕ್ಕೆ ಮಾಡಿ. ಕಿರಿದಾದ ತುದಿಯನ್ನು ಅದರ ನಡುವಿನ ಮೇಲಿಂದ ಇಳಿಸಿ, ಕೆಳಗಿನಿಂದ ಮೇಲಕ್ಕೆ ಸುತ್ತಿ ಬಿಗಿದು, ಮಿಕ್ಕಿದ್ದನ್ನು ಓಬಿಯೊಳಗೆ ತುರುಕಿ.
9. ಮುಂದೆ ಕಟ್ಟಿದ ಗಂಟನ್ನು ನಿಮ್ಮ ಬಲಗಡೆಯಿಂದ ತಿರುಗಿಸಿ ಬೆನ್ನಿಗೆ ಒಯ್ಯಿರಿ. ಎಡಗಡೆಯಿಂದ ತಿರುಗಿಸಿದರೆ ಇಷ್ಟು ಹೊತ್ತು ಹೊಂದಿಸಿದ ಪಟ್ಟಿ ಬಿಚ್ಚಿಕೊಳ್ಳುತ್ತದೆ.

ಕೋಣೆಯಲ್ಲಿ ಎರಡು ಮೂರು ಸಲ ಕಟ್ಟಿ ಬಿಚ್ಚಿದ ಮೇಲೆ ಕೈಗೆ ಹದ ಸಿಗುತ್ತದೆ.

## ಹಂತ 6: ಹೊರಡುವ ಮೊದಲು ಅಂಗಡಿಯೊಳಗೇ ಪರೀಕ್ಷೆ

ಐದು ನಿಮಿಷ ಕೇಳಿ ಪಡೆಯಿರಿ. ಕುರ್ಚಿಯ ಅಂಚಿನಲ್ಲಿ ಕೂತು ಎದ್ದೇಳಿ. ಎರಡೂ ಕೈ ಮೇಲಕ್ಕೆತ್ತಿ ಇಳಿಸಿ. ಆಳವಾಗಿ ಐದಾರು ಸಲ ಉಸಿರಾಡಿ. ಇಪ್ಪತ್ತು ಹೆಜ್ಜೆ ನಡೆಯಿರಿ. ಕೂತಾಗ ಪಕ್ಕೆಲುಬಿಗೆ ಏನಾದರೂ ಚುಚ್ಚಿದರೆ ಅದು ದಾರದ ಗಂಟು, ಪಕ್ಕಕ್ಕೆ ಸರಿಸಿಸಿ. ತೊಡೆಯ ಬಳಿ ಬಟ್ಟೆ ತೆರೆದುಕೊಂಡರೆ ಸುತ್ತು ಸಾಲದಾಗಿದೆ ಎಂದರ್ಥ, ಆಗಲೇ ಮತ್ತೆ ಉಡಿಸಬೇಕು. ಈ ಕೆಲಸಗಳನ್ನು ಬಾಗಿಲು ದಾಟಿದ ಮೇಲೆ ಯಾರೂ ಮಾಡಿಕೊಡುವುದಿಲ್ಲ.

ಗಾಯದ ಪಟ್ಟಿಯನ್ನು ಈಗಲೇ ಹೆಬ್ಬೆರಳಿನ ಸಂದಿಗೆ ಅಂಟಿಸಿ. ಗುಳ್ಳೆ ಎದ್ದ ಮೇಲೆ ಅಂಟಿಸಿ ಪ್ರಯೋಜನವಿಲ್ಲ.

## ಹಂತ 7: ದಾರಿಯನ್ನು ಇಳಿಜಾರಿನಲ್ಲಿ ಹಾಕಿಕೊಳ್ಳಿ

ಹಿಗಾಶಿಯಾಮಾದಲ್ಲಿ ಎಲ್ಲರೂ ಯಾಸಾಕಾ ದೇಗುಲದಿಂದ ಹೊರಟು ಕಿಯೊಮಿಜು ದೇವಾಲಯದವರೆಗೆ ಏರುತ್ತಾರೆ. ಕಿಮೊನೊದಲ್ಲಿ ಇದನ್ನು ತಿರುಗಿಸಿ. ಟ್ಯಾಕ್ಸಿಯಲ್ಲಿ ಗೊಜೊಜಾಕಾ ಕಡೆಯಿಂದ ಸಾಧ್ಯವಾದಷ್ಟು ಮೇಲಕ್ಕೆ ಹೋಗಿ, ಕಿಯೊಮಿಜು ನೋಡಿ, ಸನ್ನೆನ್‌ಜಾಕಾ, ನಿನೆನ್‌ಜಾಕಾ ಎಂಬ ಇಳಿಜಾರು ಬೀದಿಗಳು, ಕೊದೈಜಿ ದೇವಾಲಯ ದಾಟಿ ಯಾಸಾಕಾಕ್ಕೆ ಇಳಿದು ಬನ್ನಿ. ದೂರ ಎರಡು ಕಿಲೋಮೀಟರಿನ ಒಳಗೇ. ಸನ್ನೆನ್‌ಜಾಕಾದ ಕಲ್ಲಿನ ಮೆಟ್ಟಿಲಿನಲ್ಲಿ ಜಾರಿ ಬಿದ್ದವರಿಗೆ ಮೂರು ವರ್ಷದಲ್ಲಿ ಕೇಡು ಎಂಬ ನಂಬಿಕೆ ಅಲ್ಲಿದೆ. ನಂಬಿಕೆ ಹೇಗಾದರಿರಲಿ, ಒದ್ದೆಯಾದಾಗ ಆ ಕಲ್ಲು ಜಾರುವುದು ನಿಜ.

ಕಿಯೊಮಿಜು ಬೆಳಿಗ್ಗೆ 6ಕ್ಕೇ ತೆರೆಯುತ್ತದೆ, ಅಂಗಡಿಗಳು ಅಷ್ಟು ಬೇಗ ತೆರೆಯುವುದಿಲ್ಲ. ಆದ್ದರಿಂದ ಜನವಿಲ್ಲದ ಫೋಟೋ ಬೇಕೆಂಬ ಆಸೆ ಬಿಡಿ. ಫುಶಿಮಿ ಇನಾರಿ ದೇಗುಲ ಬೇಕೆನ್ನುವವರು ಸಾವಿರ ತೋರಿ ದ್ವಾರಗಳ ಸಾಲು ದಾಟಿ ಹಿಂದಿನ ಪುಟ್ಟ ದೇಗುಲ ಮುಟ್ಟಿ ಮರಳಬೇಕು. ಅಲ್ಲಿಂದ ಮುಂದೆ 233 ಮೀಟರ್ ಎತ್ತರದ ಬೆಟ್ಟದ ತುದಿಯವರೆಗೆ ಮೆಟ್ಟಿಲೇ ಮೆಟ್ಟಿಲು. ಸಮತಟ್ಟು ದಾರಿ ಬೇಕಿದ್ದರೆ ಅರಾಶಿಯಾಮಾ ಒಳ್ಳೆಯದು. ಒಂದು ದಿನಕ್ಕೆ ಒಂದೇ ಪ್ರದೇಶ. ಎರಡನ್ನು ಸೇರಿಸಲು ಹೋದವರೇ ಐದು ಗಂಟೆಗೆ ಅಂಗಡಿಯ ಬಾಗಿಲಿಗೆ ಓಡಿ ಬರುವವರು.

ಗಿಯೋನ್‌ನ ಹನಾಮಿಕೋಜಿ ಸಾರ್ವಜನಿಕ ರಸ್ತೆ. ಅದರ ಅಕ್ಕಪಕ್ಕದ ಓಣಿಗಳು ಖಾಸಗಿ. ಅಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡವೆಂಬ ಫಲಕಗಳಿವೆ, 2024ರಿಂದ ಕೆಲವು ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಿದ್ದಾರೆ. ಮೈಕೋ, ಗೈಕೋ ಎಂಬ ಸಾಂಪ್ರದಾಯಿಕ ನೃತ್ಯ ಸಂಗೀತ ಕಲಾವಿದೆಯರು ಎದುರಾದರೆ ಅವರು ಕೆಲಸಕ್ಕೆ ಹೊರಟವರು. ದಾರಿ ಬಿಡಿ, ಹಿಂಬಾಲಿಸಬೇಡಿ, ತಡೆದು ಪಕ್ಕದಲ್ಲಿ ನಿಲ್ಲಲು ಕೇಳಬೇಡಿ. ನೀವು ಕಿಮೊನೊ ಉಟ್ಟಿದ್ದೀರೆಂದು ಅಲ್ಲಿನವರಿಗೆ ಬೇಸರವಿಲ್ಲ, ಬಹಳ ಮಂದಿ ಸಂತೋಷದಿಂದ ಮಾತನಾಡಿಸುತ್ತಾರೆ. ಅವರಿಗೆ ನೋವಾಗುವುದು ಈ ಬಗೆಯ ನಡವಳಿಕೆಯಿಂದ.

## ಹಂತ 8: ನಡಿಗೆ, ಕೂರುವುದು, ಶೌಚಾಲಯ, ಊಟ

ಹೆಜ್ಜೆ ನಿಮ್ಮ ರೂಢಿಯ ಅರ್ಧದಷ್ಟಿರಲಿ. ಝೋರಿಯನ್ನು ನೆಲದಿಂದ ಹೆಚ್ಚು ಎತ್ತದೆ, ಬೆರಳ ತುದಿಯಿಂದ ಪಟ್ಟಿಯನ್ನು ಮೆಲ್ಲಗೆ ಹಿಡಿದು ನಡೆಯಿರಿ. ಮೆಟ್ಟಿಲಿನಲ್ಲಿ ಬಲಗೈಯಿಂದ ಮುಂದಿನ ಮೇಲುಪದರದ ಅಂಚನ್ನು ಹಿಡಿದು ತುಸು ಎತ್ತಿ. ಕೂರುವಾಗ ಬೆನ್ನು ಒರಗಿಸಬೇಡಿ. ಟ್ಯಾಕ್ಸಿಯಲ್ಲಿ ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿ. ಬಾಗಿಲು ತಾನಾಗಿ ತೆರೆದು ಮುಚ್ಚುತ್ತದೆ, ತೋಳಿನ ಬಟ್ಟೆ ಸಿಕ್ಕಿಕೊಳ್ಳದಂತೆ ಮಡಿಲಿಗೆ ಎಳೆದುಕೊಳ್ಳಿ.

ಶೌಚಾಲಯದ ಭಯಕ್ಕೆ ನೀರೇ ಕುಡಿಯದೆ ತಲೆಸುತ್ತು ಬರಿಸಿಕೊಳ್ಳುವವರಿದ್ದಾರೆ. ಕ್ರಮ ಗೊತ್ತಿದ್ದರೆ ಕಷ್ಟವಿಲ್ಲ. ಎರಡೂ ತೋಳುಗಳ ತುದಿಯನ್ನು ಮುಂದೆ ಓಬಿಯೊಳಗೆ ಸಿಕ್ಕಿಸಿ. ಕಿಮೊನೊದ ಎರಡು ಅಂಚುಗಳನ್ನು ಹಿಡಿದು ಮೇಲಕ್ಕೆತ್ತಿ, ನಂತರ ಜುಬಾನ್, ನಂತರ ಒಳವಸ್ತ್ರ, ಹೀಗೆ ಹೊರಗಿನಿಂದ ಒಳಕ್ಕೆ ಒಂದೊಂದೇ ಪದರ ಎತ್ತಿ ಎದೆಯ ಬಳಿ ಹಿಡಿಯಿರಿ. ಇಳಿಸುವಾಗ ತಿರುವುಮುರುವು, ಒಳಗಿನದು ಮೊದಲು. ಎಲ್ಲವನ್ನೂ ಒಟ್ಟಿಗೆ ಬಾಚಿ ಎತ್ತಿದರೆ ಹಿಂಭಾಗ ಗುಪ್ಪೆಯಾಗಿ ನಿಲ್ಲುತ್ತದೆ. ಹೊರಬರುವ ಮುನ್ನ ಹಿಂದೆ ಕೈಯಾಡಿಸಿ ನೋಡಿ. ಕುಕ್ಕರುಗಾಲಿನ ಶೌಚಾಲಯ ಮಾತ್ರ ಬೇಡ, ಕುರ್ಚಿಯಂಥದ್ದನ್ನೇ ಹುಡುಕಿ.

ಊಟಕ್ಕೆ ಕೂತಾಗ ದೊಡ್ಡ ಕರವಸ್ತ್ರದ ಒಂದು ತುದಿಯನ್ನು ಓಬಿಯ ಮೇಲಂಚಿಗೆ ಸಿಕ್ಕಿಸಿ ಮಡಿಲಿಗೆ ಹರಡಿ. ಏನಾದರೂ ತೆಗೆದುಕೊಳ್ಳಲು ಕೈ ಚಾಚುವಾಗ ಇನ್ನೊಂದು ಕೈ ತೋಳಿನ ಬಟ್ಟೆ ಹಿಡಿದಿರಲಿ. ಕಲೆಯಾದರೆ ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಅಷ್ಟೇ. ಉಜ್ಜಿದರೆ ಕಲೆ ಹರಡುತ್ತದೆ, ರೇಷ್ಮೆಯಾದರೆ ನೀರೇ ಉಂಗುರದಂಥ ಗುರುತು ಬಿಡುತ್ತದೆ.

ಕೆನ್ನಿನ್‌ಜಿಯಂಥ ದೇವಾಲಯಗಳಲ್ಲಿ ಪಾದರಕ್ಷೆ ಬಿಚ್ಚಿ ಚಾಪೆಯ ಕೋಣೆಗಳಿಗೆ ಹೋಗಬೇಕು. ಯುಕಾತಾ ಉಟ್ಟು ಬರಿಗಾಲಲ್ಲಿರುವವರು ಚೀಲದಲ್ಲಿ ಕಾಲುಚೀಲ ಇಟ್ಟುಕೊಂಡಿದ್ದು ಅಲ್ಲಿ ಹಾಕಿಕೊಳ್ಳಿ. ಫೋನನ್ನು ತೋಳಿನಲ್ಲಿ ಇಡಬೇಡಿ. ಹೆಂಗಸರ ತೋಳು ಮೈಯ ಕಡೆ ತೆರೆದಿರುತ್ತದೆ, ಒಳಗಿಟ್ಟದ್ದು ಕೆಳಗೆ ಬೀಳುತ್ತದೆ. ಗಂಡಸರ ತೋಳಿನ ಆ ಬದಿ ಹೊಲಿದಿರುವುದರಿಂದ ಅವರು ಹಗುರ ವಸ್ತು ಇಡಬಹುದು.

## ಹಂತ 9: ದಾರಿಯಲ್ಲಿ ಸಡಿಲವಾದರೆ

ಗಂಟು ಬಿಚ್ಚದೆ ಸರಿಪಡಿಸಬಹುದಾದದ್ದೇ ಹೆಚ್ಚು.

ಎದೆಯ ಬಳಿ ಮೇಲಿನ ಪಟ್ಟಿ ಸಡಿಲವಾದರೆ, ಓಬಿಯ ಕೆಳಗೆ ಕಾಣುವ ಮಡಿಕೆಯಲ್ಲಿ ಅದೇ ಪಟ್ಟಿಯ ತುದಿಯನ್ನು ಹುಡುಕಿ ಮೆಲ್ಲಗೆ ಕೆಳಕ್ಕೆಳೆಯಿರಿ. ಒಳಗಿನ ಪಟ್ಟಿ ಸಡಿಲವಾದರೆ ಎಡ ಕಂಕುಳ ಕೆಳಗಿನ ಸೀಳಿನಿಂದ ಕೈ ಹಾಕಿ ಎಳೆಯಬೇಕು. ಹೆಕ್ಕತ್ತಿನ ಜಾಗ ಮುಚ್ಚಿಹೋಗಿದ್ದರೆ ಬೆನ್ನ ಹಿಂದೆ ಓಬಿಯ ಕೆಳಗಿನ ಮಡಿಕೆಯನ್ನು ಹಿಡಿದು ಕೆಳಕ್ಕೆಳೆಯಿರಿ, ಪಟ್ಟಿ ಹಿಂದಕ್ಕೆ ಸರಿಯುತ್ತದೆ. ಕೆಳ ಅಂಚು ನೆಲಕ್ಕೆ ತಾಗುತ್ತಿದ್ದರೆ ಮಡಿಕೆಯನ್ನೆತ್ತಿ, ಅದರಡಿಯ ಬಟ್ಟೆಯನ್ನು ಸೊಂಟದ ದಾರದೊಳಗೆ ಮೇಲಕ್ಕೆ ಸೇರಿಸಿ. ಓಬಿ ಜಗ್ಗಿ ಗಂಟು ಇಳಿಬಿದ್ದರೆ ಎರಡನೇ ಕರವಸ್ತ್ರವನ್ನು ಮಡಚಿ ಗಂಟಿನ ಕೆಳಗೆ, ಬೆನ್ನಿಗೂ ಓಬಿಗೂ ನಡುವೆ ತುರುಕಿ.

ಸೊಂಟದ ದಾರವೇ ಬಿಚ್ಚಿದರೆ ನಿಮ್ಮಿಂದ ಆಗದು, ಅಂಗಡಿಗೆ ಮರಳಿ. ಬಹಳಷ್ಟು ಅಂಗಡಿಗಳು ಹಣವಿಲ್ಲದೆ ಮತ್ತೆ ಕಟ್ಟಿಕೊಡುತ್ತವೆ. ಅಂಗಡಿ ಹತ್ತಿರದಲ್ಲೇ ಇರಲಿ ಎಂದದ್ದು ಇದಕ್ಕೂ ಸೇರಿ. ಕೈಕಾಲು ಜೋಮು ಹಿಡಿದರೆ, ಕಣ್ಣು ಕತ್ತಲೆ ಬಂದರೆ, ಬೆವರು ನಿಂತು ತಲೆನೋವು ಶುರುವಾದರೆ ಉಡುಪಿನ ಅಂದದ ಚಿಂತೆ ಬಿಟ್ಟುಬಿಡಿ. ನೆರಳಿನಲ್ಲಿ ಕೂತು ಓಬಿಯನ್ನೂ ಎದೆಯ ದಾರವನ್ನೂ ಸಡಿಲಿಸಿ ನೀರು ಕುಡಿಯಿರಿ, ಪಕ್ಕದಲ್ಲಿದ್ದವರ ಸಹಾಯ ಕೇಳಿ.

## ಹಂತ 10: ಮರಳಿಸುವುದು

ಬಹುತೇಕ ಅಂಗಡಿಗಳಲ್ಲಿ ಸಂಜೆ ಐದರಿಂದ ಆರರೊಳಗೆ ಮರಳಿಸಬೇಕು. ಕೊನೆಯ ಅರ್ಧ ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ಬರುವುದರಿಂದ ಬಟ್ಟೆ ಬದಲಿಸುವ ಕೋಣೆಗೇ ಸಾಲು ನಿಲ್ಲಬೇಕಾಗುತ್ತದೆ. ಒಂದು ಗಂಟೆ ಮುಂಚೆ ಹೋಗಿ. ತಡವಾಗುವುದು ಖಚಿತವಾದರೆ ದಾರಿಯಿಂದಲೇ ಫೋನ್ ಮಾಡಿ, ಹೇಳದೆ ತಡಮಾಡಿದವರಿಗೂ ಹೇಳಿ ತಡವಾದವರಿಗೂ ಅಲ್ಲಿ ಸಿಗುವ ಉಪಚಾರವೇ ಬೇರೆ.

ಬಿಚ್ಚುವ ಮೊದಲು ತೋಳುಗಳನ್ನು, ಓಬಿಯ ಒಳಗನ್ನು ತಡವಿ ನೋಡಿ. ರೈಲಿನ ಕಾರ್ಡು, ದೇವಾಲಯದ ಚೀಟಿ, ಉಂಗುರ ಎಲ್ಲ ಅಲ್ಲೇ ಉಳಿಯುವುದು. ಬಿಚ್ಚಿದ ದಾರಗಳನ್ನು ಎಣಿಸಿ ಒಂದೆಡೆ ಇಡಿ, ಕಿಮೊನೊವನ್ನು ಮಡಚಲು ಹೋಗಬೇಡಿ, ಅದರ ಮಡಿಕೆಯ ಸಾಲು ಅವರಿಗಷ್ಟೇ ಗೊತ್ತು. ಕಲೆಯಾಗಿದ್ದರೆ ನೀವಾಗಿಯೇ ಜಾಗ ತೋರಿಸಿ, ಏನು ಚೆಲ್ಲಿತೆಂದು ಹೇಳಿ. ಚಹಾದ ಕಲೆಗೂ ಎಣ್ಣೆಯ ಕಲೆಗೂ ತೊಳೆಯುವ ಬಗೆ ಬೇರೆ, ತಿಳಿದರೆ ಉಡುಪು ಉಳಿಯುತ್ತದೆ. ತಾಬಿಯನ್ನು ಕೆಲವು ಅಂಗಡಿಗಳು ನಿಮಗೇ ಕೊಟ್ಟುಬಿಡುತ್ತವೆ, ಕೇಳಿ ನೋಡಿ. ಕೂದಲಿಗೆ ಸಿಕ್ಕಿಸಿದ ಬಾಡಿಗೆಯ ಹೂವು ಮರಳಿಸಲು ಮರೆಯಬೇಡಿ, ಒಳಗಿನ ಸಣ್ಣ ಕ್ಲಿಪ್ಪುಗಳನ್ನು ರಾತ್ರಿ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತು ನಿಧಾನವಾಗಿ ತೆಗೆದು, ಅಂಟಿದ ಸ್ಪ್ರೇ ಹೋಗುವವರೆಗೆ ಬೆಚ್ಚನೆಯ ನೀರಿನಲ್ಲಿ ತಲೆ ತೊಳೆಯಿರಿ.